ಡಾರ್ಕ್ ಹರ್ಬಲ್ ಯುನಿಸೆಕ್ಸ್ ಪರ್ಫ್ಯೂಮ್: ಮೂಸುವುದು ಹೇಗೆ, ಆರಿಸುವುದು ಹೇಗೆ

ಪರ್ಫ್ಯೂಮ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ನಿಲ್ಲುವುದೇ ಇಲ್ಲ. "ಡಾರ್ಕ್, ಹರ್ಬಲ್, ಯುನಿಸೆಕ್ಸ್ ಅಂತ ಬರೆದಿರ್ತಾರಲ್ಲ, ಅದು ನಿಜಕ್ಕೂ ಹೇಗಿರುತ್ತೆ? ಔಷಧಿ ವಾಸನೆ ಹೊಡೆಯಲ್ವಾ?" ಅದರ ಬೆನ್ನಿಗೇ ಇನ್ನೊಂದು: "ಸ್ಯಾಂಪಲ್ ಹಾಕಿಕೊಂಡಾಗ ಮೂಗು ಮುರಿದೆ. ಸಂಜೆ ಹೊತ್ತಿಗೆ ಅದೇ ಕೈಯನ್ನು ಮತ್ತೆ ಮತ್ತೆ ಮೂಸ್ತಾ ಇದ್ದೆ. ಯಾಕೆ ಹೀಗೆ?"

ಎರಡನೇ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. ಈ ಬಗೆಯ ಪರ್ಫ್ಯೂಮ್ ಮೊದಲ ಹತ್ತು ನಿಮಿಷ ಕಹಿಯಾಗಿ, ಒರಟಾಗಿ ಇರುತ್ತದೆ. ಕೆಲವಂತೂ ಹೌದು, ನೇರವಾಗಿ ಔಷಧಿಯೇ. ಅದರ ಗುಣ ಬಯಲಾಗುವುದು ಮೂರು ನಾಲ್ಕು ಗಂಟೆ ಕಳೆದ ಮೇಲೆ. ಆದ್ದರಿಂದ ಈ ಮಾರ್ಗದರ್ಶಿಯ ಬಹುಪಾಲು ಕಾಯುವುದರ ಬಗ್ಗೆಯೇ ಇದೆ. ಯಾವಾಗ ಮೂಸಬೇಕು, ಆಗ ಏನನ್ನು ಗಮನಿಸಬೇಕು, ಯಾವುದನ್ನು ನಂಬಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಕೈಗೆ ಬೇಕಾದವು

ಒಂದೆರಡು ಮಿಲಿ ಲೀಟರ್‌ನ ಸ್ಯಾಂಪಲ್ ಶೀಶೆ, ನಾಲ್ಕೈದು ಬ್ಲಾಟರ್ (ವಾಸನೆ ನೋಡಲೆಂದೇ ಇರುವ ಉದ್ದನೆಯ ಹೀರುಕಾಗದದ ಪಟ್ಟಿ), ಒಂದು ಪೆನ್ನು, ಚಿಕ್ಕ ಪುಸ್ತಕ. ಇವಕ್ಕಿಂತ ಮುಖ್ಯವಾದದ್ದು ಬೇರೆ ಯಾವ ಪರಿಮಳವೂ ಇಲ್ಲದ ಒಂದು ದಿನ. ಅವತ್ತು ಸುವಾಸನೆಯ ಲೋಷನ್, ಡಿಯೋಡರೆಂಟ್, ಹೇರ್ ಆಯಿಲ್ ಯಾವುದೂ ಬೇಡ. ನೆಗಡಿ ಇದ್ದರೆ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಪೂರ್ತಿ ಬಾಟಲಿಯನ್ನು ನೇರವಾಗಿ ಕೊಳ್ಳಬೇಡಿ. ಹಣ್ಣು, ಹೂವಿನ ಪರಿಮಳಗಳಲ್ಲಿ ಕಣ್ಣುಮುಚ್ಚಿ ಕೊಂಡರೂ ಹೇಗೋ ಬಳಸಿ ಮುಗಿಸಬಹುದು. ಇಲ್ಲಿ ಹಿಡಿಸದಿದ್ದರೆ ಅದು ಕಪಾಟಿನಲ್ಲೇ ಉಳಿಯುತ್ತದೆ.

1. ನೋಟ್ ಪಟ್ಟಿಯನ್ನು ಬಿಡಿಸಿ ಓದಿ

ನೋಟ್ ಎಂದರೆ ಪರ್ಫ್ಯೂಮಿನಲ್ಲಿ ಮೂಗಿಗೆ ಸಿಗುವ ಒಂದೊಂದು ಬಿಡಿ ವಾಸನೆ. ಕಂಪನಿಗಳು ಇವನ್ನು ಮೂರು ಅಂತಸ್ತಿನಲ್ಲಿ ಬರೆಯುತ್ತವೆ: ಮೊದಲು ಹಾರಿಹೋಗುವ ಟಾಪ್ ನೋಟ್, ನಡುವೆ ಹಾರ್ಟ್ ನೋಟ್, ಕೊನೆಯವರೆಗೆ ಉಳಿಯುವ ಬೇಸ್ ನೋಟ್. ಈ ಪಟ್ಟಿ ಒಳಗೆ ಹಾಕಿದ ಪದಾರ್ಥಗಳ ಲೆಕ್ಕ ಎಂದುಕೊಳ್ಳಬೇಡಿ. "ಒದ್ದೆ ಕಲ್ಲು", "ಹೊಗೆ", "ತೊಗಲು" ಎಂದೆಲ್ಲ ಬರೆದಿರುತ್ತಾರೆ, ಆದರೆ ಶೀಶೆಯೊಳಗೆ ಕಲ್ಲೂ ಇಲ್ಲ, ತೊಗಲೂ ಇಲ್ಲ. ಹಲವು ಪದಾರ್ಥ ಸೇರಿಸಿ ಒಂದೇ ವಾಸನೆಯ ಭಾಸ ಹುಟ್ಟಿಸುತ್ತಾರೆ. ಅಂಥ ಜೋಡಣೆಗೆ ಅಕಾರ್ಡ್ ಎನ್ನುತ್ತಾರೆ.

ಡಾರ್ಕ್ ಹರ್ಬಲ್ ಎಂದಾಗ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಗುಂಪು ಕಾಣುತ್ತವೆ. ಮೇಲಿನ ಅರ್ಧದಲ್ಲಿ ಎಲೆ, ಮೂಲಿಕೆ:

ಆರ್ಟೆಮಿಸಿಯಾ ಅಥವಾ ವರ್ಮ್‌ವುಡ್. ನಮ್ಮ ದವನ, ಮಾಚಿಪತ್ರೆಗಳ ಕುಲಕ್ಕೇ ಸೇರಿದ ಗಿಡ, ಆದರೆ ಅದರ ಕಹಿ ತೀಕ್ಷ್ಣ. ಆಬ್ಸಿಂತ್ ಎಂಬ ಮದ್ಯಕ್ಕೆ ಕಹಿ ಕೊಡುವುದೂ ಇದೇ. ಪಟ್ಟಿಯಲ್ಲಿ ಈ ಹೆಸರು ಕಂಡರೆ ಆರಂಭ ಮೃದುವಾಗಿ ಇರುವುದಿಲ್ಲ ಎಂದೇ ತಿಳಿಯಿರಿ.

ಕ್ಲೇರಿ ಸೇಜ್. ಒಣ ಹುಲ್ಲು, ಚಹಾ ಎಲೆ, ತುಸು ಬೆವರು ಕೂಡಿದ ಹಾಗಿನ ವಾಸನೆ. ಕಹಿ ಎಲೆಗೂ ಬೆಚ್ಚಗಿನ ಬೇಸ್‌ಗೂ ನಡುವೆ ಸೇತುವೆ ಕಟ್ಟುವುದು ಹೆಚ್ಚಾಗಿ ಇದೇ.

ಗಾಲ್ಬನಮ್. ಇಂಗಿನ ಗಿಡದ ಹತ್ತಿರದ ನೆಂಟನಿಂದ ಒಸರುವ ಅಂಟು. ಹಸಿ ಬಟಾಣಿ ಸಿಪ್ಪೆಯನ್ನೋ ದಪ್ಪ ಮೆಣಸಿನಕಾಯಿಯನ್ನೋ ಮುರಿದಾಗ ಬರುವ ಕಡು ಹಸಿರು ವಾಸನೆ. ಹನಿಯಷ್ಟಿದ್ದರೂ ಎದ್ದು ಕಾಣುತ್ತದೆ.

ಲ್ಯಾವೆಂಡರ್, ರೋಸ್‌ಮರಿ, ಥೈಮ್, ಬೇ ಎಲೆ. ಇವುಗಳಲ್ಲಿ ಕರ್ಪೂರದ ಗುಣ ಇದೆ, ಔಷಧಿ ಅನ್ನಿಸುವುದು ಹೆಚ್ಚಾಗಿ ಇವುಗಳ ದೆಸೆಯಿಂದ.

ಕೆಳಗಿನ ಅರ್ಧದಲ್ಲಿ ಕಪ್ಪು ಬಣ್ಣ ಹಚ್ಚುವವರು ಕೂತಿರುತ್ತಾರೆ. ಪ್ಯಾಚುಲಿ, ಅಂದರೆ ಪಚ್ಚೆತೆನೆಯ ಎಣ್ಣೆ, ಒದ್ದೆ ಮಣ್ಣು ಮತ್ತು ಹಳೆ ಮರದ ವಾಸನೆಯದು. ವೆಟಿವರ್ ಎಂದರೆ ಲಾವಂಚದ ಬೇರು. ಜಾವಾದ್ದಾದರೆ ಹೊಗೆ ಹೊಗೆ, ಹೈಟಿಯದ್ದಾದರೆ ಹೆಚ್ಚು ಸ್ವಚ್ಛ. ಲ್ಯಾಬ್ಡನಮ್ ಸಿಸ್ಟಸ್ ಎಂಬ ಪೊದೆಯ ಅಂಟು, ಬಣ್ಣ ಕಡು ಕಂದು, ವಾಸನೆಯಲ್ಲಿ ತೊಗಲು, ಜೇನು ಎರಡೂ ಇವೆ. ಈ ಪೊದೆಗಳ ನಡುವೆ ಮೇಯುವ ಆಡುಗಳ ಗಡ್ಡಕ್ಕೆ ಮೆತ್ತಿಕೊಂಡ ಅಂಟನ್ನು ಕಿತ್ತು ತೆಗೆಯುತ್ತಿದ್ದರೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕ್ರೀಟ್ ದ್ವೀಪದಲ್ಲಿ ತೊಗಲಿನ ಪಟ್ಟಿಗಳನ್ನು ಕಟ್ಟಿದ ಕುಂಟೆಯಂಥ ಸಲಕರಣೆಯನ್ನು ಪೊದೆಗಳ ಮೇಲೆ ಎಳೆದು ಅದನ್ನು ಸಂಗ್ರಹಿಸುವ ಪದ್ಧತಿಯೂ ಇತ್ತು. ಬರ್ಚ್ ಟಾರ್ ಎಂಬುದು ಬರ್ಚ್ ಮರದ ತೊಗಟೆಯನ್ನು ಸುಟ್ಟು ಇಳಿಸಿದ ಟಾರು, ಕೊಳ್ಳಿಯ ಹೊಗೆ ಬೇಕಾದಾಗ ಬಳಸುವಂಥದ್ದು.

ಓಕ್‌ಮಾಸ್ ಬಗ್ಗೆ ತುಸು ಹೆಚ್ಚೇ ಹೇಳಬೇಕು, ಏಕೆಂದರೆ ಈ ಬಗೆಯ ಪರ್ಫ್ಯೂಮಿನ ಮಂಕು ನೆರಳೆಲ್ಲ ಬಹುಮಟ್ಟಿಗೆ ಅದರದ್ದು. ಹೆಸರಿನಲ್ಲಿ ಮಾಸ್ ಇದ್ದರೂ ಇದು ಪಾಚಿಯಲ್ಲ, ಓಕ್ ಮರಕ್ಕೆ ಹತ್ತುವ ಕಲ್ಲುಹೂವಿನ ಜಾತಿ. ಅದರ ಸಾರ ಕಡು ಹಸಿರು, ಅಂಟಂಟು. ವಾಸನೆಯಲ್ಲಿ ಕಾಡಿನ ನೆಲ, ಶಾಯಿ, ಚೂರು ಉಪ್ಪು. ಇದರಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಎಂಬ ಎರಡು ವಸ್ತುಗಳು ಚರ್ಮಕ್ಕೆ ಅಲರ್ಜಿ ತರುವುದರಿಂದ ಯುರೋಪಿಯನ್ ಒಕ್ಕೂಟ 2017ರ ನಿಯಮದಲ್ಲಿ ಅವನ್ನು ನಿಷೇಧಿಸಿತು. ಈಗ ಆ ವಸ್ತುಗಳನ್ನು ತೆಗೆದ ಓಕ್‌ಮಾಸ್ ಅನ್ನು ಅಳತೆಯಲ್ಲಿ ಬಳಸುತ್ತಾರೆ, ಇಲ್ಲವೇ ಎವರ್ನಿಲ್ ಎಂಬ ಕೃತಕ ವಸ್ತುವಿನಿಂದ ಕೆಲಸ ಸಾಗಿಸುತ್ತಾರೆ. ಹಳೆಯ ಬಾಟಲಿಗೂ ಹೊಸದಕ್ಕೂ ವಾಸನೆ ಬೇರೆ ಎಂದು ಜನ ಗೊಣಗುವುದಕ್ಕೆ ಇದೊಂದು ದೊಡ್ಡ ಕಾರಣ.

ಒಂದು ಉಪಾಯ: ನೋಟ್ ಪಟ್ಟಿ ಬಿಟ್ಟು ಪೆಟ್ಟಿಗೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ಪದಾರ್ಥಗಳ ಪಟ್ಟಿ ನೋಡಿ. ಅಲ್ಲಿ "ಎವರ್ನಿಯಾ ಪ್ರುನಾಸ್ಟ್ರಿ" ಎಂದಿದ್ದರೆ ಓಕ್‌ಮಾಸ್ ಸಾರ ಹಾಕಿದ್ದಾರೆ ಎಂದೇ ಅರ್ಥ. ಯುರೋಪಿನಲ್ಲಿ ಮಾರುವ ಪರ್ಫ್ಯೂಮುಗಳಲ್ಲಿ, ಒಂದು ಮಿತಿ ದಾಟಿದರೆ ಈ ಹೆಸರನ್ನು ಬರೆಯಲೇಬೇಕು.

2. ಯಾವ ಮನೆತನದ್ದು ಎಂದು ಗುರುತಿಸಿ

ಈ ಕತ್ತಲ ಮೂಲಿಕೆಗಳು ಸಾಮಾನ್ಯವಾಗಿ ಎರಡು ಹಳೆಯ ಮನೆತನಗಳಿಂದ ಬಂದಿರುತ್ತವೆ. ಒಂದು ಫೂಜೇರ್: ಲ್ಯಾವೆಂಡರ್, ಓಕ್‌ಮಾಸ್, ಕೂಮರಿನ್ (ಒಣಹುಲ್ಲು, ಬಾದಾಮಿ ನೆನಪಿಸುವ ಸಿಹಿ ಪುಡಿ ವಾಸನೆ) ಸೇರಿದ್ದು. ಊಬಿಗಾಂ ಸಂಸ್ಥೆಗಾಗಿ ಪಾಲ್ ಪಾರ್ಕೆ 1882ರಲ್ಲಿ ಮಾಡಿದ ಫೂಜೇರ್ ರಾಯಾಲ್ ಇದರ ಮೂಲಪುರುಷ. ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ 1868ರಲ್ಲಿ ಕೂಮರಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರಿಂದಲೇ ಅದು ಸಾಧ್ಯವಾಯಿತು. ಇನ್ನೊಂದು ಶೀಪ್ರ್: ಮೇಲೆ ಬರ್ಗಮಾಟ್ ಎಂಬ ಸಿಟ್ರಸ್ ಹಣ್ಣಿನ ಸಿಪ್ಪೆ, ಕೆಳಗೆ ಲ್ಯಾಬ್ಡನಮ್ ಮತ್ತು ಓಕ್‌ಮಾಸ್. 1917ರಲ್ಲಿ ಫ್ರಾನ್ಸ್ವಾ ಕೋಟಿ ತಂದ ಶೀಪ್ರ್ ಇದಕ್ಕೆ ಹೆಸರು ಕೊಟ್ಟಿತು.

ಫೂಜೇರ್ ಕಡೆಯದ್ದಾದರೆ ಕ್ಷೌರದ ಸೋಪಿನ ಛಾಯೆ ಬರುತ್ತದೆ. ಶೀಪ್ರ್ ಕಡೆಯದ್ದಾದರೆ ಮೊದಲು ಚುರುಕು, ಆಮೇಲೆ ಗಂಭೀರ. ಸೋಪಿನ ನೆನಪು ಬೇಡ ಅನ್ನುವವರು ಶೀಪ್ರ್‌ನಿಂದ ಶುರು ಮಾಡಿ.

3. ಕಾಗದದ ಮೇಲೆ ಮೂಸಿ, ತೀರ್ಪು ಮಾತ್ರ ಕೊಡಬೇಡಿ

ಬ್ಲಾಟರ್ ತುದಿಗೆ ಒಂದು ಸಲ ಸ್ಪ್ರೇ ಮಾಡಿ, ಅರ್ಧ ನಿಮಿಷ ಬಿಡಿ. ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲ್, ಅದಕ್ಕೂ ಪರ್ಫ್ಯೂಮಿಗೂ ಸಂಬಂಧವಿಲ್ಲ. ಕಾಗದವನ್ನು ಮೂಗಿಗೆ ತಾಗಿಸದೆ, ಎರಡು ಬೆರಳಿನ ಅಂತರದಲ್ಲಿ ಹಿಡಿದು, ಸಣ್ಣ ಸಣ್ಣ ಉಸಿರಿನಲ್ಲಿ ಮೂಸಿ. ಪಟ್ಟಿಯ ಇನ್ನೊಂದು ತುದಿಯಲ್ಲಿ ಹೆಸರು, ಹೊತ್ತು ಬರೆಯಿರಿ. ಮೂರು ಬಿಳಿ ಪಟ್ಟಿ ಒಟ್ಟಿಗಿದ್ದರೆ ಯಾವುದು ಯಾವುದೆಂದು ಆಮೇಲೆ ಗೊತ್ತಾಗುವುದಿಲ್ಲ.

ಒಂದು ಕೂತಲ್ಲಿ ಮೂರಕ್ಕಿಂತ ಹೆಚ್ಚು ನೋಡಬೇಡಿ. ಒಂದೇ ವಾಸನೆಯಲ್ಲಿ ಮುಳುಗಿದ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ. ನಡುನಡುವೆ ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುತ್ತದೆ ಎಂದು ಅಂಗಡಿಗಳಲ್ಲಿ ಬಟ್ಟಲು ಇಟ್ಟಿರುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಫಿಗೂ ಬರಿಯ ಗಾಳಿಗೂ ವ್ಯತ್ಯಾಸವೇನೂ ಕಾಣಲಿಲ್ಲ. ಹೊರಗೆ ಹೋಗಿ ನಿಲ್ಲಿ, ಇಲ್ಲವೇ ನಿಮ್ಮದೇ ಮೊಣಕೈಯ ಒಳಭಾಗ ಮೂಸಿ, ಸಾಕು.

ಕಾಗದ ಹೇಳುವುದು ಆರಂಭದ ಕಥೆಯನ್ನಷ್ಟೇ. ಬಿಸಿ ಇಲ್ಲದ ಕಾಗದದ ಮೇಲೆ ಕಹಿ ಎಲೆಗಳು ಬೇಗ ಸರಿಯುವುದಿಲ್ಲ, ಬೇಸ್ ಮೇಲೇಳುವುದೂ ತಡ. ಹಾಗಾಗಿ ಡಾರ್ಕ್ ಹರ್ಬಲ್ ಅಲ್ಲಿ ಇದ್ದದ್ದಕ್ಕಿಂತ ಕಟುವಾಗಿಯೇ ತೋರುತ್ತದೆ. ಆದರೂ ಆ ಪಟ್ಟಿಗಳನ್ನು ಬಿಸಾಡಬೇಡಿ. ಮರುದಿನ ಮೂಸಿದರೆ ಬೇಸ್ ಒಂದೇ ಉಳಿದು ಸ್ಪಷ್ಟವಾಗಿ ಸಿಗುತ್ತದೆ. ಪ್ಯಾಚುಲಿಯಂತೂ ಕಾಗದದ ಮೇಲೆ ದಿನಗಟ್ಟಲೆ ಇರುತ್ತದೆ.

4. ಚರ್ಮದ ಮೇಲೆ ಹಾಕಿ ನಾಲ್ಕು ಹೊತ್ತು ನೋಡಿ

ಇಡೀ ಕೆಲಸದ ತಿರುಳು ಇಲ್ಲಿದೆ. ಬೆಳಿಗ್ಗೆ, ಒಂದೇ ಕೈಯ ಮಣಿಕಟ್ಟಿನ ಒಳಭಾಗಕ್ಕೆ ಒಂದು ಸ್ಪ್ರೇ. ಎರಡು ಮಣಿಕಟ್ಟು ಸೇರಿಸಿ ಉಜ್ಜಬೇಡಿ, ಉಜ್ಜಿದ ಬಿಸಿಗೆ ಟಾಪ್ ನೋಟ್ ಬೇಗ ಹಾರಿಹೋಗಿ ಆರಂಭದ ಪುಟವೇ ಕೈತಪ್ಪುತ್ತದೆ.

ಐದನೇ ನಿಮಿಷ. ಕಹಿ ಎಲೆ, ಕರ್ಪೂರ, ಸಿಟ್ರಸ್ ಸಿಪ್ಪೆ ಮುಂದೆ ನಿಂತಿರುತ್ತವೆ. ಇಲ್ಲಿ ಕೇಳಿಕೊಳ್ಳಬೇಕಾದದ್ದು ಒಂದೇ: ಇದು ತಡೆದುಕೊಳ್ಳಬಹುದಾದ ಕಹಿಯೇ, ತಲೆನೋವು ತರುವ ಕಹಿಯೇ? ತಲೆ ಸಿಡಿಯುತ್ತಿದ್ದರೆ ತೊಳೆದುಬಿಡಿ. ಬರೀ "ಚೆನ್ನಾಗಿಲ್ಲ" ಅನ್ನಿಸಿದರೆ ತೊಳೆಯಬೇಡಿ.

ಮುಕ್ಕಾಲು ಗಂಟೆ. ಸಿಟ್ರಸ್ ಹೋಗಿದೆ. ಎಲೆಗಳು ಹಸಿಯಿಂದ ಒಣಗಿದ ಕಡೆಗೆ ವಾಲುತ್ತವೆ. ಕ್ಲೇರಿ ಸೇಜ್, ಕ್ಯಾಮೊಮೈಲ್ ಇದ್ದರೆ ಈಗ ಸಿಗುತ್ತವೆ. ಒಳ್ಳೆಯದರಲ್ಲಿ ಕಹಿಯ ಅಡಿಯಿಂದ ಇನ್ನೊಂದು ವಾಸನೆ ಏಳುತ್ತಿರುವುದು ತಿಳಿಯುತ್ತದೆ: ಮಣ್ಣೋ, ತೊಗಲೋ, ಅಂಟೋ. ಅಗ್ಗದ ಕೆಲಸವಾಗಿದ್ದರೆ ಈ ಹೊತ್ತಿಗೆ ಎಲೆಯೆಲ್ಲ ಮಾಯವಾಗಿ ಬರೀ ಸಿಹಿ ವೆನಿಲಾ ಉಳಿದಿರುತ್ತದೆ. ಪೆಟ್ಟಿಗೆಯ ಮೇಲಿನ "ಡಾರ್ಕ್" ಎಷ್ಟು ನಿಜ ಎಂದು ನಾನು ತೂಗುವುದು ಇಲ್ಲಿಯೇ.

ನಾಲ್ಕನೇ ಗಂಟೆ. ಇದಕ್ಕೆ ಡ್ರೈಡೌನ್ ಎನ್ನುತ್ತಾರೆ, ಅಂದರೆ ಹಾರುವುದೆಲ್ಲ ಹಾರಿ, ಒಣಗಿ ಉಳಿದ ವಾಸನೆ. ಕಹಿ ಈಗ ಗೆರೆಯಷ್ಟು ತೆಳು, ಸುತ್ತ ಪಾಚಿ, ಬೇರು, ಹೊಗೆಯ ಬೆಚ್ಚಗಿನ ಹಾಸು. ಮೂಗನ್ನು ಚರ್ಮಕ್ಕೆ ಹತ್ತಿರ ತಂದು ಒಮ್ಮೆ, ಒಂದಡಿ ದೂರದಿಂದ ಒಮ್ಮೆ ಮೂಸಿ. ಎರಡೂ ಒಂದೇ ಆಗಿರುವುದಿಲ್ಲ. ಹತ್ತಿರದಲ್ಲಿ ಕಪ್ಪು ಮಣ್ಣು ಅನ್ನಿಸಿದ್ದು ದೂರದಲ್ಲಿ ಹಳೆಯ ಮರದ ಪೆಟ್ಟಿಗೆ ಅನ್ನಿಸಬಹುದು. ಎದುರಿನವರಿಗೆ ತಲುಪುವುದು ಎರಡನೆಯದು. ಕೊಳ್ಳಬೇಕೋ ಬೇಡವೋ ಎಂದು ಈ ಹೊತ್ತಿನಲ್ಲಿ ನಿರ್ಧರಿಸಿ.

ಮಲಗುವ ಮುಂಚೆ. ಏನು ಉಳಿದಿದೆ ನೋಡಿ. ಬರೀ ಸೋಪಿನಂಥ ಮಸ್ಕ್ (ಕಸ್ತೂರಿ ಬಗೆಯ ವಾಸನೆ) ಉಳಿದಿದ್ದರೆ ಮೂಲಿಕೆ ಮುಖವಾಡವಾಗಿತ್ತು ಅಷ್ಟೆ.

ಒಂದು ಎಚ್ಚರಿಕೆ: ಒಂದು ಗಂಟೆಯೊಳಗೇ "ವಾಸನೆ ನಿಲ್ಲಲೇ ಇಲ್ಲ" ಎಂದು ಅನೇಕರು ದೂರುತ್ತಾರೆ. ಬಹಳ ಸಲ ಹೋದದ್ದು ವಾಸನೆಯಲ್ಲ, ನಿಮ್ಮ ಮೂಗಿನ ಗಮನ. ಕೆಲವು ಮಸ್ಕ್‌ಗಳು, ಐಸೋ ಇ ಸೂಪರ್‌ನಂಥ ಮರದ ವಾಸನೆಯ ಕೃತಕ ವಸ್ತುಗಳು ಒಬ್ಬರಿಗೆ ಸಿಗುತ್ತವೆ, ಇನ್ನೊಬ್ಬರಿಗೆ ಸಿಗುವುದೇ ಇಲ್ಲ. ಮತ್ತೆ ಸುರಿದುಕೊಳ್ಳುವ ಮುಂಚೆ ಜೊತೆಗಿರುವವರನ್ನು ಕೇಳಿ.

5. ಅದರ ಭಾವಕ್ಕೆ ನಿಮ್ಮದೇ ಮಾತಿನಲ್ಲಿ ಹೆಸರಿಡಿ

"ನಿಗೂಢ", "ಮಾದಕ", "ರಹಸ್ಯಮಯ" ಎಂದೆಲ್ಲ ಜಾಹೀರಾತಿನವರು ಬರೆಯುತ್ತಾರೆ. ಇವು ಯಾವ ಬಾಟಲಿಗೂ ಅಂಟುವ ಲೇಬಲ್. ನಿಮ್ಮ ಪುಸ್ತಕದಲ್ಲಿ ಈ ಪದಗಳು ಬೇಡ. ಬದಲಿಗೆ ಮೂರು ಪ್ರಶ್ನೆ ಹಾಕಿಕೊಳ್ಳಿ: ಒದ್ದೆಯೋ ಒಣವೋ? ತಂಪೋ ಬಿಸಿಯೋ? ಒಳಗೋ ಹೊರಗೋ, ಅಂದರೆ ಕೋಣೆಯ ವಾಸನೆಯೋ ಬಯಲಿನದೋ?

ಓಕ್‌ಮಾಸ್, ಗಾಲ್ಬನಮ್ ಹೆಚ್ಚಿದ್ದರೆ ಒದ್ದೆ, ತಂಪು, ಹೊರಗು: ಬಿಸಿಲು ಬೀಳದ ಮರದ ಬುಡ. ಭಾವ ದೂರ ನಿಲ್ಲುವಂಥದ್ದು, ತುಸು ಬಿಗುಮಾನ. ಲ್ಯಾಬ್ಡನಮ್, ಪ್ಯಾಚುಲಿ ಹೆಚ್ಚಿದ್ದರೆ ಬಿಸಿ, ಒಳಗು, ಹತ್ತಿರ ಕರೆಯುವಂಥದ್ದು. ಬರ್ಚ್ ಟಾರ್, ಜಾವಾ ಲಾವಂಚ ಇದ್ದರೆ ಒಣ ಹೊಗೆ. ಏಕಾಂತ ಇಷ್ಟಪಡುವವರಿಗೆ ಹಿಡಿಸುತ್ತದೆ, ಚಿಕ್ಕ ಮೀಟಿಂಗ್ ರೂಮಿನಲ್ಲಿ ಹಿಡಿಸುವುದಿಲ್ಲ. ಆರ್ಟೆಮಿಸಿಯಾವೇ ಮೇಲುಗೈಯಾದರೆ ಕೊನೆಯವರೆಗೂ ಒಂದು ಮುನಿಸು ಇದ್ದೇ ಇರುತ್ತದೆ. ನನಗೆ ಈ ಕೊನೆಯದೇ ಇಷ್ಟ. ಮೊದಲ ಬಾಟಲಿಯಾಗಿ ಮಾತ್ರ ಯಾರಿಗೂ ಹೇಳುವುದಿಲ್ಲ.

ಒಂದು ಮಾತು ಗಮನಿಸಿ. ಡಾರ್ಕ್ ಎಂದರೆ ಜೋರು ಎಂದಲ್ಲ. ಈ ಗುಂಪಿನ ಅನೇಕ ಪರ್ಫ್ಯೂಮುಗಳು ಮೆಲುದನಿಯವು. ಹಣ್ಣಿಲ್ಲ, ಸಕ್ಕರೆಯಿಲ್ಲ, ಬಿಳಿ ಹೂವಿಲ್ಲ, ಕತ್ತಲು ಅನ್ನಿಸುವುದು ಹೆಚ್ಚಾಗಿ ಈ ಇಲ್ಲಗಳಿಂದ.

6. ಯುನಿಸೆಕ್ಸ್ ಚಿಂತೆಯನ್ನು ಇಲ್ಲಿಗೆ ಮುಗಿಸಿ

"ಗಂಡಸಿನ ಸೆಂಟ್ ಅನ್ನಿಸುತ್ತಾ?" ಎಂದು ಹೆಂಗಸರು, "ಹೂವಿನ ವಾಸನೆ ಬರುತ್ತಾ?" ಎಂದು ಗಂಡಸರು ಕೇಳುತ್ತಾರೆ. ಎರಡು ಬಾಟಲಿ ನೋಡಿ. ಕ್ಲಿನಿಕ್ ಎಂಬ ಸಂಸ್ಥೆಯ 1971ರ ಆರೊಮ್ಯಾಟಿಕ್ಸ್ ಎಲಿಕ್ಸಿರ್ ಹೆಂಗಸರಿಗೆಂದು ಬಂದದ್ದು: ಕ್ಯಾಮೊಮೈಲ್, ಕ್ಲೇರಿ ಸೇಜ್, ಗುಲಾಬಿ, ಪ್ಯಾಚುಲಿ, ಓಕ್‌ಮಾಸ್. ಕ್ಯಾರನ್ ಸಂಸ್ಥೆಯ 1976ರ ಯಾಟಗಾನ್ ಗಂಡಸರಿಗೆಂದು ಬಂದದ್ದು: ಆರ್ಟೆಮಿಸಿಯಾ, ಲ್ಯಾವೆಂಡರ್, ಪ್ಯಾಚುಲಿ, ತೊಗಲು. ಎರಡರ ಎಲುಬೂ ಕಹಿ ಮೂಲಿಕೆ ಮತ್ತು ಮಣ್ಣು, ಪೆಟ್ಟಿಗೆ ಮಾತ್ರ ಬೇರೆ ಬೇರೆ. ಇನ್ನೂ ಹಿಂದೆ ಹೋದರೆ, ಗೆರ್ಲಾಂ ಸಂಸ್ಥೆಯ 1889ರ ಜಿಕಿಯನ್ನು ಹೆಂಗಸರೂ ಗಂಡಸರೂ ಹಾಕಿಕೊಂಡಿದ್ದಾರೆ. ಕ್ಯಾಲ್ವಿನ್ ಕ್ಲೈನ್ ಸಂಸ್ಥೆಯ 1994ರ ಸಿಕೆ ಒನ್ ಯುನಿಸೆಕ್ಸ್ ಎಂಬ ಹಣೆಪಟ್ಟಿಯನ್ನು ಜನಪ್ರಿಯ ಮಾಡಿತು. ಆದರೆ ಅದು ಹಗುರ ಸಿಟ್ರಸ್ ಆಗಿದ್ದರಿಂದ, ಯುನಿಸೆಕ್ಸ್ ಎಂದರೆ ತಿಳಿಯಾದದ್ದು ಎಂಬ ಅಭಿಪ್ರಾಯವೂ ಬೇರೂರಿತು. ಕಡು ಮೂಲಿಕೆಯ ಬಾಟಲಿ ಕೈಗೆತ್ತಿಕೊಂಡವರು ಬೆಚ್ಚುವುದು ಅದಕ್ಕೇ.

7. ಎಷ್ಟು, ಎಲ್ಲಿ, ಯಾವಾಗ

ಮೊದಲ ವಾರ ಒಂದೇ ಸ್ಪ್ರೇ, ಅದೂ ಬಟ್ಟೆಯ ಒಳಗೆ ಎದೆಗೆ. ಮೈಬಿಸಿಗೆ ನಿಧಾನವಾಗಿ ಏಳುತ್ತದೆ, ಕಹಿ ನೇರವಾಗಿ ಮೂಗಿಗೆ ಬಡಿಯುವುದಿಲ್ಲ. ಕುತ್ತಿಗೆಗೆ ಹಾಕಿದರೆ ದಿನವಿಡೀ ನಿಮ್ಮ ಮೂಗಿನ ಕೆಳಗೇ ಇದ್ದು ಬೇಗ ಬೇಸರ ಬರುತ್ತದೆ. ಹೊರಡುವ ಅರ್ಧ ಗಂಟೆ ಮುಂಚೆ ಹಾಕಿಕೊಳ್ಳಿ, ಔಷಧಿ ಹಂತ ಮನೆಯಲ್ಲೇ ಕಳೆದುಹೋಗಲಿ.

ಚರ್ಮ ಒಣಗಿದ್ದರೆ ವಾಸನೆ ಬೇಗ ಹಾರುತ್ತದೆ, ಮೊದಲು ಪರಿಮಳವಿಲ್ಲದ ಲೋಷನ್ ಹಚ್ಚಿ. ಸೆಕೆಯಲ್ಲಿ ಲ್ಯಾಬ್ಡನಮ್, ಪ್ಯಾಚುಲಿ ದಪ್ಪಗಾಗಿ ಉಸಿರುಗಟ್ಟಿಸಬಹುದು. ಲಾವಂಚ, ಗಾಲ್ಬನಮ್ ಇರುವವು ಸೆಕೆಗೂ ನಡೆಯುತ್ತವೆ. ಓ ದ ಟಾಯ್ಲೆಟ್, ಓ ದ ಪರ್ಫಾಂ ಎಂಬ ಎರಡು ಗಾಢತೆಗಳಲ್ಲಿ ಸಿಕ್ಕರೆ ಎರಡನ್ನೂ ಮೂಸಿ. ಮೊದಲನೆಯದರಲ್ಲಿ ಸುಗಂಧದ ಅಂಶ ಕಡಿಮೆ, ಎಲೆಗಳು ಮುಂದೆ. ಎರಡನೆಯದರಲ್ಲಿ ಹೆಚ್ಚು, ಬೇಸ್ ಮುಂದೆ. ಕೆಲವು ಸಂಸ್ಥೆಗಳು ಎರಡಕ್ಕೂ ಸೂತ್ರವನ್ನೇ ಬದಲಿಸುತ್ತವೆ, ಆದ್ದರಿಂದ ಒಂದನ್ನು ಮೂಸಿ ಇನ್ನೊಂದನ್ನು ಕೊಳ್ಳಬೇಡಿ.

8. ಚರ್ಮ, ಬಟ್ಟೆ, ಬಾಟಲಿ

ಹೊಸದನ್ನು ಮೈತುಂಬ ಹಾಕುವ ಮುಂಚೆ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಅಲ್ಲಿಗೆ ಬಿಡಿ. "ನೈಸರ್ಗಿಕ" ಎಂದು ಬರೆದಿದ್ದರೂ ಇದನ್ನು ತಪ್ಪಿಸಬೇಡಿ, ಅಲರ್ಜಿ ತರುವುದರಲ್ಲಿ ಗಿಡದ ಎಣ್ಣೆಗಳೇನೂ ಹಿಂದೆ ಬಿದ್ದಿಲ್ಲ. ಲ್ಯಾವೆಂಡರಿನಲ್ಲಿರುವ ಲಿನಲೂಲ್ ಎಂಬ ಸುಗಂಧ ವಸ್ತು ಗಾಳಿಗೆ ತೆರೆದುಕೊಂಡು ಆಕ್ಸಿಡೈಸ್ ಆದಾಗ ಅಲರ್ಜಿಯ ಸಾಧ್ಯತೆ ಹೆಚ್ಚುತ್ತದೆ.

ಮನೆಯಲ್ಲೇ ಎಸೆನ್ಶಿಯಲ್ ಆಯಿಲ್ ಬೆರೆಸಿ ಇಂಥದ್ದೇ ಮಾಡಿಕೊಳ್ಳುತ್ತೇನೆ ಎನ್ನುವವರಿಗೆ ಎರಡು ಮಾತು. ಯಾವ ಎಣ್ಣೆಯನ್ನೂ ಹಾಗೇ ನೇರವಾಗಿ ಮೈಗೆ ಹಚ್ಚಬೇಡಿ. ಹಿಂಡಿ ತೆಗೆದ ಬರ್ಗಮಾಟ್ ಎಣ್ಣೆ, ಏಂಜೆಲಿಕಾ ಬೇರಿನ ಎಣ್ಣೆ ಇವುಗಳಲ್ಲಿ ಬಿಸಿಲು ತಾಗಿದರೆ ಚರ್ಮ ಸುಡಿಸುವ ಫ್ಯೂರೋಕೂಮರಿನ್‌ಗಳಿವೆ. ಅವನ್ನು ತೆಗೆದ ಬರ್ಗಮಾಟ್ ಎಣ್ಣೆಯೂ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.

ಓಕ್‌ಮಾಸ್, ಲ್ಯಾಬ್ಡನಮ್ ಇರುವ ದ್ರವದ ಬಣ್ಣವೇ ಕಡು. ತಿಳಿ ಬಣ್ಣದ ಬಟ್ಟೆಗೆ, ರೇಷ್ಮೆಗೆ ಸ್ಪ್ರೇ ಮಾಡಿದರೆ ಕಲೆ ನಿಲ್ಲುತ್ತದೆ. ಶೀಶೆಯನ್ನು ಬೆಳಕಿಲ್ಲದ, ತಂಪಾದ ಕಪಾಟಿನಲ್ಲಿ ಮುಚ್ಚಳ ಬಿಗಿಮಾಡಿ ಇಡಿ, ಬಚ್ಚಲುಮನೆಯಲ್ಲಿ ಬೇಡ. ಹಳತಾದಂತೆ ಮೊದಲು ಕೆಡುವುದು ಮೇಲಿನ ಸಿಟ್ರಸ್ ಮತ್ತು ಎಲೆಗಳು: ಮೊದಲ ಕ್ಷಣ ಹುಳಿಯಾಗಿಯೋ ಉಗುರಿನ ಬಣ್ಣ ತೆಗೆಯುವ ದ್ರವದಂತೆಯೋ ಬಡಿಯುತ್ತದೆ. ಆಗಲೂ ಕೂಡಲೇ ಎಸೆಯಬೇಡಿ. ಬ್ಲಾಟರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ಬೇಸ್ ಸರಿಯಿದ್ದು ಚರ್ಮಕ್ಕೂ ತೊಂದರೆಯಾಗದಿದ್ದರೆ ಬಳಸಬಹುದು. ಹುಳಿ ಹಾಗೇ ಉಳಿದಿದ್ದರೆ ಆ ಬಾಟಲಿ ಮುಗಿದಂತೆ.